ನಾನೂ ನನ್ನ ಮಣಭಾರದ ಆಂಪೂ

ಬೇಸ್ ಗಿಟಾರ್ ನುಡಿಸುವವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ. ನಮ್ಮದು ಮದುವೆ ಆರತಕ್ಷತೆಗಳಲ್ಲಿ ಹಾಡುವ ಆರ್ಕೆಸ್ಟ್ರಾ. ಹಾಡುವವರನ್ನು ಜನ ನೋಡುತ್ತಾರೆ, ಡ್ರಮ್ಸಿನವನನ್ನು ಮಕ್ಕಳು ನೋಡುತ್ತವೆ, ಕೀಬೋರ್ಡಿನವನನ್ನು ಅವನೇ ನೋಡಿಕೊಳ್ಳುತ್ತಾನೆ. ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ಹಿಂದೆ ನಿಂತು ಗುಂ ಗುಂ ಅನ್ನಿಸುವ ನನ್ನನ್ನು ಇಪ್ಪತ್ತಾರು ವರ್ಷದಲ್ಲಿ ಗಮನಿಸಿದವರು ಫೋಟೋ ತೆಗೆಯುವವರು ಮಾತ್ರ. "ಸ್ವಲ್ಪ ಸರೀರಿ ಅಂಕಲ್, ಫ್ರೇಮಲ್ಲಿ ಬರ್ತಾ ಇದ್ದೀರ."

ಅಲ್ಲಾಳಸಂದ್ರದಲ್ಲಿ ನನ್ನದೊಂದು ಬಾಡಿಗೆ ಮನೆ. ಊರವರ ಮದುವೆಗಳಿಗೆಲ್ಲ ನುಡಿಸುತ್ತಾ ನನ್ನ ಮದುವೆಗೆ ಬಿಡುವಾಗಲಿಲ್ಲ. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಹಗಲಿಗೂ ಕೆಲಸವಿಲ್ಲ. ವಾರಕ್ಕೆ ಎರಡು ಸಂಜೆ ಆರ್ಕೆಸ್ಟ್ರಾದವರ ಜೊತೆ ಕಳೆದರೆ ಅದೇ ನನಗೆ ಮನುಷ್ಯರ ಸಹವಾಸ. ಉಳಿದ ದಿನ ಮಾತಾಡಲು ಸಿಗುವುದು ಹಾಲಿನವನು, ಅವನಿಗೂ ಅವಸರ.

ಹೀಗಿರುವಾಗ ಒಂದು ದಿನ ನಮ್ಮ ಆರ್ಕೆಸ್ಟ್ರಾದ ಯಜಮಾನರು ನನ್ನ ಆಂಪ್ ಮೇಲೆ ಕೈಯಿಟ್ಟು ನಿಂತರು. ಆಂಪ್ ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ನನ್ನದು ಹಳೆಯದು, ಒಂದು ಮೂಟೆ ಅಕ್ಕಿಯ ಭಾರ.

"ಏನ್ ಗುರುಗಳೇ, ಈ ಬೀರು ಹೊತ್ಕೊಂಡು ಇನ್ನೂ ಎಷ್ಟ್ ದಿನ? ವ್ಯಾನಲ್ಲಿ ಎರಡು ಸೀಟು ಇದಕ್ಕೇ ಹೋಗುತ್ತೆ. ಈಗ ಟಿಫಿನ್ ಬಾಕ್ಸ್ ಅಷ್ಟೇ ಇರೋ ಆಂಪ್ ಬಂದಿದೆ. ಕಾರ್ತೀಕದ ಸೀಸನ್ನಿಗೆ ಮುಂಚೆ ಅದಕ್ಕೆ ಬದಲಾಯಿಸಿ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ಕೀಬೋರ್ಡಿನ ಎಡಗೈ ಸಾಕು ನಮಗೆ."

ಕೀಬೋರ್ಡಿನವನ ಎಡಗೈ ಮೂಲೆಯ ದಪ್ಪ ಸ್ವರಗಳನ್ನು ಒತ್ತಿದರೆ ಬೇಸ್ ಬಂದ ಹಾಗೆಯೇ ಅನಿಸುತ್ತದೆ. ಒಬ್ಬ ಮನುಷ್ಯನ ಜಾಗಕ್ಕೆ ಇನ್ನೊಬ್ಬನ ಅರ್ಧ ಸಾಕು ಎಂದು ಹೇಳಿಸಿಕೊಂಡವನ ಸಂಕಟ ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಆ ದಿನ ಗೊತ್ತಾಯಿತು.

ಇಬ್ಬರು

ವ್ಯಾನಿನಲ್ಲಿ ಆಂಪಿಗೆ ಜಾಗ ತಪ್ಪಿದ್ದರಿಂದ ಆಟೋ ಗತಿಯಾಯಿತು. ಹೆಬ್ಬಾಳದ ಒಂದು ಕಾರ್ಯಕ್ರಮಕ್ಕೆ ಮೊಬೈಲಿನಲ್ಲಿ ಆಟೋ ಕರೆದೆ. ಆಟೋದವರು ಬಂದು ಗೇಟಿನ ಹತ್ತಿರ ಆಂಪನ್ನು ನೋಡಿ ಎಂಜಿನ್ ಆಫ್ ಮಾಡಿದರು.

"ಎಷ್ಟ್ ಜನ ಸಾರ್?"

"ಒಬ್ನೇ."

"ಇವರು?"

"ಇದು ಆಂಪ್."

"ಏನೇ ಇರ್ಲಿ. ಸೀಟಲ್ಲಿ ಕೂರೋದು ಅವರು, ನೀವು ಪಕ್ಕದಲ್ಲಿ ತೂರ್ಕೊಬೇಕು. ಇಬ್ರು ಅಂತ ಹೇಳ್ಬೇಕಿತ್ತು ತಾನೇ?"

ಫ್ಲೈಓವರ್ ಕೆಳಗೆ ಸಿಗ್ನಲ್ಲಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಕನ್ನಡಿಯಲ್ಲಿ ನನ್ನನ್ನೂ ನನ್ನ ಹೆಗಲಿಗೆ ಒರಗಿದ್ದ ಪೆಟ್ಟಿಗೆಯನ್ನೂ ನೋಡುತ್ತಾ ಆಟೋದವರ ಮನಸ್ಸು ಮೆತ್ತಗಾಯಿತು.

"ಮನೇಲಿ ಯಾರ್ಯಾರ್ ಇದ್ದೀರ ಸಾರ್?"

ಯೋಚಿಸಿದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಈ ಆಟೋದಲ್ಲಿ ಇರೋರೇ. ನಿಮ್ಮೊಬ್ಬರನ್ನ ಬಿಟ್ಟು."

ಬೆಚ್ಚನೆಯ ಧ್ವನಿ

ಹೊಸ ಸಾಮಾನು ಅಂದರೆ ನನಗೆ ಮೊದಲಿಂದಲೂ ಅನುಮಾನ. ಪ್ರತಿ ವರ್ಷ ಒಂದು ಪೆಟ್ಟಿಗೆ ಬರುತ್ತದೆ. ಇನ್ನು ಮುಂದೆ ಬೇರೆ ಪೆಟ್ಟಿಗೆಯೇ ಬೇಡ ಅನ್ನುತ್ತಾರೆ. ಮರುವರ್ಷ ಅದೇ ಬಾಯಿಂದ ಬೇರೆ ಪೆಟ್ಟಿಗೆಯ ಹೆಸರು ಬರುತ್ತದೆ. ಆದರೂ ಕೆಲಸ ಉಳಿಯಬೇಕಲ್ಲ ಎಂದು ಆರ್‌.ಟಿ. ನಗರದ ಒಂದು ವಾದ್ಯದ ಅಂಗಡಿಗೆ ಹೋದೆ. ಕೈಯಲ್ಲಿ ನೋಟ್‌ಬುಕ್ಕು. ಎಡಕ್ಕೆ ಗುಣ, ಬಲಕ್ಕೆ ದೋಷ. ಬಲಗಡೆಯ ಪುಟ ಮನೆಯಲ್ಲೇ ಅರ್ಧ ತುಂಬಿಸಿದ್ದೆ.

ಸೇಲ್ಸ್‌ಮನ್ ಬಹಳ ವಿನಯವಂತ. "ಇದ್ರೊಳಗೆ ನೂರು ಆಂಪ್ ಇದೆ ಸರ್, ಯಾವುದ್ ಬೇಕೋ ಅದನ್ನ ಒತ್ತಿದ್ರಾಯ್ತು" ಎಂದು ಒಂದು ಸಣ್ಣ ಪೆಟ್ಟಿಗೆ ತೋರಿಸಿದ.

"ಒಂದು ಹೊತ್ತೇ ನನ್ನ ಸೊಂಟ ಹೋಯ್ತು. ನೂರು ಯಾಕಪ್ಪಾ?"

"ಸರ್, ಇದರಲ್ಲಿ ವಾರ್ಮ್ ಟೋನ್ ಇದೆ. ಬೆಚ್ಚನೆಯ ಧ್ವನಿ. ಕೇಳಿ."

ನಾನು ನುಡಿಸಿದೆ. ಅವನು ಒಂದು ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. "ಈಗ?" ಅಂದ. ನಿಜ ಹೇಳುತ್ತೇನೆ, ಧ್ವನಿ ಬೆಚ್ಚಗಾಯಿತು. ಇನ್ನಷ್ಟು ತಿರುಗಿಸಿದ, ಇನ್ನಷ್ಟು ಬೆಚ್ಚಗಾಯಿತು. ಇಷ್ಟು ವರ್ಷ ಹೊಸತನ್ನೆಲ್ಲ ಬೈದೆನಲ್ಲಾ ಎಂದು ನಾಚಿಕೆಯೂ ಆಗಿ ಗುಣದ ಪುಟದಲ್ಲಿ "ಬಿಸಿ ಉಂಟು" ಎಂದು ಬರೆದುಕೊಂಡೆ. ಅಷ್ಟರಲ್ಲಿ ಅಂಗಡಿಯ ಇನ್ನೊಂದು ಮೂಲೆಯಿಂದ, ಉದ್ದ ವೈರು ಹಾಕಿಕೊಂಡು ಗಿಟಾರ್ ಪರೀಕ್ಷಿಸುತ್ತಿದ್ದ ಯಾರೋ ಕೂಗಿದರು:

"ಲೋ ಮಗಾ, ನನ್ನ ಆಂಪಿನ ವಾಲ್ಯೂಮ್ ಯಾಕೋ ತಿರುಗಿಸ್ತಾ ಇದ್ದೀಯ?"

ಅವನು ತಿರುಗಿಸುತ್ತಿದ್ದದ್ದು ಪಕ್ಕದ ಪೆಟ್ಟಿಗೆಯ ಗುಂಡಿ. ಅವನಿಗೆ ನಾಚಿಕೆಯಾಗಲಿಲ್ಲ, ಸೇಲ್ಸ್‌ಮನ್. ನಾನು ಮಾತ್ರ ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು, ಯಾರೂ ಓದದಿರಲಿ ಎಂದು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡೆ.

ರಜಾ

ಆಮೇಲೂ ಆರು ಭಾನುವಾರ ಆ ಅಂಗಡಿಗೆ ಹೋದೆ. ಹೋಲಿಸಿ ನೋಡಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಬೇರೆ. ಅಲ್ಲಿ ಟೀ ಕೊಡುತ್ತಿದ್ದರು, "ಬನ್ನಿ ಸರ್" ಅನ್ನುತ್ತಿದ್ದರು, ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು. ಮನೆಯಲ್ಲಿ ಗೋಡೆ ತಲೆಯಾಡಿಸುವುದಿಲ್ಲ.

ಆರನೆಯ ಭಾನುವಾರ ಒಬ್ಬ ಯುವಕ ಬಂದು ನನ್ನನ್ನೇ ಅಂಗಡಿಯವನೆಂದು ತಿಳಿದ. "ಅಂಕಲ್, ಐನೂರು ವ್ಯಾಟಿನ ಬೇಸ್ ಆಂಪ್ ತಗೊಳ್ಳೋಣ ಅಂತಿದ್ದೀನಿ. ಹೇಗೆ?"

"ಎಲ್ಲಿ ನುಡಿಸ್ತೀರಪ್ಪಾ?"

"ಬೆಡ್‌ರೂಮಲ್ಲಿ."

"ಮನೇಲಿ ಯಾರಿದ್ದಾರೆ?"

"ಅಜ್ಜಿ."

"ಹಂಗಾದ್ರೆ ಬೇಡ. ಒಂದು ಹೆಡ್‌ಫೋನ್ ತಗೊಂಡು, ಉಳಿದ ಹೊತ್ತು ಅಜ್ಜಿ ಜೊತೆ ಮಾತಾಡಿ."

ಯುವಕನಿಗೆ ನನ್ನ ಮಾತು ಬಹಳ ಹಿಡಿಸಿತು. ಕೈಕುಲುಕಿ ಹೊರಟೇಬಿಟ್ಟ. ಹೆಡ್‌ಫೋನನ್ನೂ ಕೊಳ್ಳಲಿಲ್ಲ. ಸೇಲ್ಸ್‌ಮನ್ ಅವನು ಹೋದ ದಾರಿಯನ್ನೇ ಸ್ವಲ್ಪ ಹೊತ್ತು ನೋಡಿ ನನ್ನ ಹತ್ತಿರ ಬಂದ.

"ಸರ್, ಮುಂದಿನ ಭಾನುವಾರ ಅಂಗಡಿ ರಜಾ."

ಇರಬಹುದೇನೋ ಎಂದು ಮುಂದಿನ ಭಾನುವಾರ ಬಸ್ಸಿನಲ್ಲಿ ಆ ದಾರಿಯಾಗಿ ಹೋಗಿ ನೋಡಿದೆ. ಅಂಗಡಿ ತೆರೆದೇ ಇತ್ತು. ರಜಾ ಕೊಟ್ಟಿದ್ದು ನನಗೆ.

ಅರ್ಧ ಹಾಡು

ಅಂಗಡಿಯ ದಾರಿ ಮುಚ್ಚಿದ ಮೇಲೆ ಫೋನಿನಲ್ಲಿ ಬೇಸ್ ನುಡಿಸುವವರ ಗುಂಪೊಂದಕ್ಕೆ ಸೇರಿದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾವ ಆಂಪ್ ಮೇಲು ಎಂದು ಜಗಳ. "ಯಾರಾದರೂ ಹೊಸ ಆಂಪ್ ತಗೊಂಡು ಮನೆಗೆ ಬನ್ನಿ, ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಇಟ್ಟು ಕೇಳೋಣ, ಅವಲಕ್ಕಿ ಮಾಡಿರುತ್ತೇನೆ" ಎಂದು ಬರೆದೆ. ಹನ್ನೊಂದು ಹೆಬ್ಬೆರಳು ಬಂದವು. ಮನುಷ್ಯರು ಯಾರೂ ಬರಲಿಲ್ಲ. ಎರಡು ದಿನ ಅವಲಕ್ಕಿಯನ್ನೇ ತಿಂದೆ.

ಕೊನೆಗೆ ಒಬ್ಬರು ಫೋನ್ ಮಾಡಿದರು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಸಾಹೇಬರು. "ಬನ್ನಿ ಭಾಯ್, ನಮ್ ಹತ್ರ ಎಲ್ಲಾ ಹೈ" ಅಂದರು. ಹೋದೆ. ಮಂಡಿಯ ಹಿಂದಿನ ಕೋಣೆಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಏಳು ಆಂಪ್! ಎಲ್ಲವೂ ಹೊಸವು. ಒಂದರ ಪ್ಲಾಸ್ಟಿಕ್ ಹೊದಿಕೆಯೂ ತೆಗೆದಿರಲಿಲ್ಲ.

"ಇದಕ್ಕಿಂತ ಇದು ಕ್ಲಿಯರ್. ಇದಕ್ಕಿಂತ ಇದು ಡೀಪ್. ಇದು ಲೇಟೆಸ್ಟ್, ಹೋದ ವಾರ ಬಂತು," ಎಂದು ಒಂದೊಂದನ್ನೂ ಸವರಿ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಈರುಳ್ಳಿಯದು, ಇನ್ನರ್ಧ ನನ್ನದೇ. ಒಬ್ಬ ಮನುಷ್ಯ ನನಗೆ ಕುರ್ಚಿ ಹಾಕಿ ಬೇಸ್ ವಿಷಯ ಮಾತಾಡಿ ಎಷ್ಟು ದಿನವಾಗಿತ್ತು!

"ನೀವು ಯಾವ ಯಾವ ಹಾಡು ನುಡಿಸ್ತೀರ ಸಾಹೇಬ್ರೇ?" ಅಂದೆ.

"ಒಂದೇ. ಅದೂ ಅರ್ಧ."

"ಉಳಿದ ಅರ್ಧ?"

"ಸರಿಯಾದ ಆಂಪ್ ಸಿಕ್ಕಿದ್ಮೇಲೆ ಕಲೀತೀನಿ ಭಾಯ್."

ಬರುವಾಗ ಆ ಲೇಟೆಸ್ಟ್ ಟಿಫಿನ್ ಬಾಕ್ಸನ್ನು ಒಂದು ವಾರಕ್ಕೆ ಎರವಲು ಕೊಟ್ಟರು. "ನಿಧಾನಕ್ಕೆ ತನ್ನಿ, ಅವಸರ ಇಲ್ಲ," ಅಂದರು. "ಮನೆಯೋರು ನಾಳೆ ಮಂಡಿಗೆ ಬರ್ತಾರೆ. ಆರೇ ಅಂತ ಹೇಳಿದ್ದೀನಿ."

ಅಂತರಪಟ

ಈಗ ಎರಡು ಆಂಪ್ ಕೈಯಲ್ಲಿದ್ದವು, ತಲೆಯಲ್ಲಿ ಒಂದು ಯೋಜನೆ. ಕಣ್ಣು ಹೇಳಿದ್ದನ್ನೇ ಕಿವಿ ಕೇಳುತ್ತದೆ ಎಂಬುದು ಬೆಚ್ಚನೆಯ ಧ್ವನಿಯ ದಿನವೇ ಗೊತ್ತಾಗಿತ್ತು. ಆಂಪ್ ಕಾಣದ ಹಾಗೆ ಮರೆಮಾಡಿ ನುಡಿಸಿದರೆ ಹೊಸದರ ಬಂಡವಾಳ ಬಯಲಾಗುತ್ತದೆ, ನನ್ನ ಜಾಗ ಉಳಿಯುತ್ತದೆ ಎಂದುಕೊಂಡೆ.

ಕಾರ್ತೀಕದ ಮೊದಲ ಮದುವೆ ಅಮೃತಹಳ್ಳಿಯ ಒಂದು ಛತ್ರದಲ್ಲಿ. ಮುಹೂರ್ತ ಬೆಳಿಗ್ಗೆ ಮುಗಿದಿತ್ತು. ಸಂಜೆಯ ಆರತಕ್ಷತೆಗೆ ನಾವು ಮಧ್ಯಾಹ್ನವೇ ಸಾಮಾನು ಜೋಡಿಸುತ್ತಿದ್ದೆವು. ಪುರೋಹಿತರನ್ನು ಕೇಳಿ, ಬೆಳಿಗ್ಗೆ ಗಂಡು ಹೆಣ್ಣಿನ ನಡುವೆ ಹಿಡಿದಿದ್ದ ಅಂತರಪಟವನ್ನೇ ಇಸಿದುಕೊಂಡೆ. ವೇದಿಕೆಯ ಹಿಂಗೋಡೆಯ ಹತ್ತಿರ ಎರಡು ಕುರ್ಚಿಗೆ ಅದನ್ನು ಕಟ್ಟಿ, ಹಿಂದೆ ಎರಡೂ ಆಂಪ್ ಇಟ್ಟೆ.

"ಒಂದೇ ಹಾಡನ್ನ ಎರಡು ಸಲ ಪೂರ್ತಿ ನುಡಿಸೋಣ," ಅಂದೆ. "ಯಾವ ಸಲ ಯಾವ ಆಂಪ್ ಅಂತ ನಾನು ಹೇಳಲ್ಲ. ಯಾವುದು ಚೆನ್ನಾಗಿತ್ತು ಅಂತ ನೀವು ಹೇಳಿ. ನೀವು ಹೇಳಿದ್ದೇ ಕೊನೆ."

ಯಜಮಾನರು ಒಪ್ಪಿದರು. ಮೊದಲ ಸಲ ನನ್ನ ಹಳೆಯ ಆಂಪ್ ಹಾಕಿದೆ. ಎರಡನೆಯ ಸಲ ನನ್ನ ಬುದ್ಧಿ ಸ್ವಲ್ಪ ಹೆಚ್ಚೇ ಓಡಿತು. ಪರದೆಯ ಹಿಂದೆ ಬಗ್ಗಿ, ಏನೋ ಬದಲಾಯಿಸುವವನಂತೆ ನಟಿಸಿ, ಎರಡನ್ನೂ ಆಫ್ ಮಾಡಿದೆ. ಹಾಡು ಮುಗಿಯುವವರೆಗೆ ತಂತಿಗಳ ಮೇಲೆ ಸುಮ್ಮನೆ ಬೆರಳು ಓಡಿಸಿದೆ.

ಹಾಡು ಮುಗಿಯಿತು. ಯಜಮಾನರು ಚಪ್ಪಾಳೆ ತಟ್ಟಿದರು.

"ಎರಡನೇದು! ನೋಡಿ, ಹೊಸದು ಅಂದ್ರೆ ಹೊಸದೇ. ಎಷ್ಟು ಕ್ಲೀನ್!"

"ಒಂಚೂರೂ ಗಲೀಜಿಲ್ಲ," ಅಂದ ಕೀಬೋರ್ಡಿನವನು.

ನಾನು ಮದುಮಗನ ಗತ್ತಿನಲ್ಲಿ ಅಂತರಪಟ ಸರಿಸಿದೆ. "ನೋಡಿ ಸ್ವಾಮಿ. ಎರಡನೇ ಸಲ ಯಾವ ಆಂಪೂ ಆನ್ ಇರ್ಲಿಲ್ಲ. ಇಷ್ಟೇ ನಿಮ್ಮ ಹೊಸದು!"

ಎಲ್ಲರೂ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಯಜಮಾನರು ತಲೆ ಕೆರೆದುಕೊಂಡರು.

"ಅಂದ್ರೆ ಎರಡನೇ ಸಲ ಬೇಸೇ ಇರ್ಲಿಲ್ಲ?"

"ಇರ್ಲಿಲ್ಲ."

"ಚೆನ್ನಾಗೇ ಇತ್ತಲ್ಲ ಗುರುಗಳೇ."

ಕೀಬೋರ್ಡಿನವನು ತನ್ನ ಎಡಗೈಯನ್ನು ಎತ್ತಿ, ತಿರುಗಿಸಿ ನೋಡಿಕೊಂಡ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡದ್ದು ಆಗ ಅರ್ಥವಾಯಿತು. ಹೊಸ ಆಂಪ್ ಬೇಕಾಗಿಲ್ಲ ಎಂದು ತೋರಿಸಲು ಹೊರಟವನು ನಾನೇ ಬೇಕಾಗಿಲ್ಲ ಎಂದು ಸಾಕ್ಷಿ ಸಮೇತ ತೋರಿಸಿಬಿಟ್ಟಿದ್ದೆ. ಯಜಮಾನರು ಕೆಟ್ಟವರಲ್ಲ, ಮಾತು ಹುಡುಕುತ್ತಿದ್ದರು. ಅವರಿಗೆ ಕಷ್ಟವಾಗದಿರಲಿ ಎಂದು ನಾನೇ ವೈರು ಸುತ್ತಲು ಶುರುಮಾಡಿದೆ. ವಾರದ ಆ ಎರಡು ಸಂಜೆಗಳನ್ನು ಇನ್ನು ಎಲ್ಲಿ ಕಳೆಯುವುದು ಎಂದೇ ತಲೆಯಲ್ಲಿ.

ಆಗ ಹಿಂದಿನ ಬಾಗಿಲಿನಿಂದ ಒಬ್ಬಾಕೆ ಜಾಲರಿ ಸೌಟು ಹಿಡಿದು ಧುಮುಧುಮು ಬಂದರು. ವೇದಿಕೆಯ ಹಿಂಗೋಡೆಯ ಆಚೆ ಛತ್ರದ ಅಡುಗೆಮನೆ. ಈಕೆ ಅಲ್ಲಿ ಸಿಹಿ ಮಾಡುವವರು, ಯಲಹಂಕದ ಆಚೆಯ ಹಳ್ಳಿಯವರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ಕೆಂಡ.

"ಯಾರ್ರೀ ಅದು ಗೋಡೆ ಗುಂ ಗುಂ ಅನ್ನಿಸ್ತಿದ್ದೋರು?"

ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ತೋರಿಸಿದ್ದು ಅದೇ ಮೊದಲು.

"ಇಂಗಾ ಮಾಡೋದು ನೀವು?" ಎಂದು ಆಕೆ ನನ್ನ ಮುಂದೆ ನಿಂತರು. "ಮೊದ್ಲು ಸಲ ಗುಂ ಅಂತಿತ್ತು. ಒಂದ್ ಗುಂಗೆ ಒಂದ್ ಸುತ್ತು ಅಂತ ಬಾಣಲೇಲಿ ಕೈ ಆಡಿಸ್ತಾ ಇದ್ದೆ. ಜಾಮೂನು ಎಲ್ಲಾ ಒಂದೇ ಬಣ್ಣ, ಬಂಗಾರ! ಎಲ್ಡನೇ ಸಲ ಆಡು ಬತ್ತಾ ಐತೆ, ಗುಂ ಇಲ್ಲ. ಈಗ ಬತ್ತದೆ, ಆಗ ಬತ್ತದೆ ಅಂತ ಸೌಟು ಇಡ್ಕಂಡು ಅಂಗೇ ಕಾಯ್ತಾ ನಿಂತೆ. ನೋಡ್ರೀ ಏನಾಯ್ತು!"

ಸೌಟು ಮುಂದೆ ಚಾಚಿದರು. ಅದರ ತುಂಬ ಇದ್ದಿಲಿನಂಥ ಜಾಮೂನು.

"ಒಂದ್ ಬಾಣಲೆ ಓಯ್ತು! ಬಾರಿಸೋರು ನೆಟ್ಟಗೆ ಬಾರಿಸ್ಬೇಕು, ಮಧ್ಯದಾಗೆ ಬಿಟ್ಟು ಓಗದಾ? ಸಂಜೆಗೆ ಇನ್ನೂ ನಾಲ್ಕು ಬಾಣಲೆ ಕರೀಬೇಕು ನಾನು!"

ಯಜಮಾನರು ಜಾಮೂನನ್ನು ನೋಡಿದರು, ಕೀಬೋರ್ಡಿನವನ ಎಡಗೈಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಆ ಹಳೇ ಬೀರುನೇ ಹಾಕಿ ಗುರುಗಳೇ," ಅಂದರು.

ನನಗೆ ಅದು ಸರಿಯಾಗಿ ಕಿವಿಗೆ ಬೀಳಲಿಲ್ಲ. ನಾನು ಆಕೆಯ ಮುಂದೆ ಕೈಮುಗಿದು ನಿಂತಿದ್ದೆ.

"ತಪ್ಪಾಯ್ತು ತಾಯಿ," ಅಂದೆ. "ಒಂದು ಉಪಕಾರ ಮಾಡಿ. ಇನ್ನೊಂದ್ಸಲ ಬೈಯಿರಿ. ಮೈಕ್ ಆನ್ ಮಾಡ್ತೀನಿ."