ಕರೆಂಟು ಕಂಬ ಏರಿದ ನನ್ನ ಮುಖ

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯನಿಗೆ ತನ್ನ ಮುಖವನ್ನು ದೊಡ್ಡದಾಗಿ ನೋಡಬೇಕೆಂಬ ಆಸೆ ಹುಟ್ಟುತ್ತದೆ. ಕನ್ನಡಿ ಸಾಲದು, ಅದರಲ್ಲಿ ನಮಗೊಬ್ಬರಿಗೇ ಕಾಣುತ್ತದೆ. ಊರವರಿಗೂ ಕಾಣಬೇಕು, ಸ್ವಲ್ಪ ಕತ್ತೆತ್ತಿಯೇ ನೋಡುವಂತಿರಬೇಕು. ಇಂಥ ಆಸೆ ತನಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗೂ ಇರಲಿಲ್ಲ ನಿಜ, ಫ್ಲೆಕ್ಸ್ ಎಂಬ ಪದಾರ್ಥ ಸತ್ಯಮಂಗಲದಿಂದ ಬಸ್ಸು ಹತ್ತಿ, ದಿಂಬಂ ಘಾಟಿಯಲ್ಲಿ ಟೀ ಕುಡಿದು, ನಮ್ಮ ತಾಳವಾಡಿ ಸೀಮೆಗೆ ಬಂದಿಳಿಯುವವರೆಗೆ.

ಅದು ಬಂದದ್ದೇ ತಡ, ನಮ್ಮೂರ ಕರೆಂಟು ಕಂಬಗಳಿಗೆಲ್ಲ ಮುಖ ಮೂಡಿತು. ಗುಮಟಾಪುರದ ಸಗಣಿ ಹಬ್ಬಕ್ಕೆ ಸ್ವಾಗತ ಎಂದು ಒಂದು ಬ್ಯಾನರು. ಸ್ವಾಗತ ಎರಡು ಗೇಣು, ಸ್ವಾಗತಿಸುವವರ ಮುಖ ಎರಡು ಮಾರು. ಎಲ್ಲರಿಗೂ ಕಪ್ಪು ಕನ್ನಡಕ. ಸಗಣಿ ಉಂಡೆಯಲ್ಲಿ ಹೊಡೆದಾಡುವ ಹಬ್ಬಕ್ಕೆ ಕನ್ನಡಕ ಹಾಕಿಕೊಂಡವರು ಜಾಣರೇ ಅನ್ನಿ. ಆದರೆ ಹಬ್ಬ ಮುಗಿದರೂ ಕನ್ನಡಕಗಳು ಇಳಿಯಲಿಲ್ಲ. ವಾಲಿಬಾಲ್ ಪಂದ್ಯ, ಕಣ್ಣಿನ ಕ್ಯಾಂಪು, ಒಂದರ ಮೇಲೊಂದು ಕಟ್ಟಿ ಕಟ್ಟಿ ಕಂಬಗಳು ಚಳಿಗೆ ಕಂಬಳಿ ಹೊದ್ದವರಂತೆ ದಪ್ಪಗಾದವು. ಯಾವುದೋ ಮಗುವಿನ ನಾಮಕರಣಕ್ಕೆ ಶುಭ ಕೋರಿದ ಬ್ಯಾನರು, ಆ ಮಗುವೇ ಬೆಳೆದು ಅದಕ್ಕೆ ಕಲ್ಲು ಹೊಡೆಯುವವರೆಗೂ ಜಗ್ಗಲಿಲ್ಲ.

ಕೊನೆಗೆ ಪಂಚಾಯ್ತಿಯಲ್ಲಿ ಒಂದು ಕಟ್ಟಳೆ ಮಾಡಬೇಕೆಂದಾಯಿತು. ತಮಿಳುನಾಡಿಗೆ ಸೇರಿದ ನಮ್ಮ ಕಡೆ ಪಂಚಾಯ್ತಿ ಅಧ್ಯಕ್ಷರನ್ನು ತಮಿಳಿನಲ್ಲೇ ತಲೈವರು ಎನ್ನುವುದು ವಾಡಿಕೆ. ತಲೈವರು ಸಿದ್ದಪ್ಪ ನನ್ನನ್ನು ಕರೆಸಿ, "ಮೇಷ್ಟ್ರೇ, ನೀವು ಕನ್ನಡ ಇಸ್ಕೂಲ್ನೋರು, ಮಾತ ನೆಟ್ಟಗೆ ಏಳ್ತೀರಿ. ಬರ್ದುಕೊಡಿ ಅತ್ಲಾಗೆ" ಎಂದರು. ಅಧಿಕಾರ ಸಿಕ್ಕಿದರೆ ಮೇಷ್ಟರನ್ನು ಹಿಡಿಯುವವರುಂಟೇ? ಕಂಬಕ್ಕೆ ಒಂದೇ ಬ್ಯಾನರು ಎಂದೆ. ಊರ ಕಾರ್ಯಕ್ಕೆ ಮಾತ್ರ, ಮನುಷ್ಯರ ಮುಖ ಇರಕೂಡದು ಎಂದೆ. ಇಳಿಸುವವರೇ ಇಲ್ಲವಲ್ಲ ಎಂದು ಯಾರೋ ಗೊಣಗಿದಾಗ ನನ್ನ ತಲೆ ಮಿಂಚಿನಂತೆ ಓಡಿತು: ಕಾರ್ಯ ಮುಗಿದ ಮೇಲೆ ಯಾರು ಬಿಚ್ಚುತ್ತಾರೋ ಹಾಳೆ ಅವರಿಗೇ! ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ರಾಗಿ ಕುಯ್ಯೋ ಕಾಲ್ದಲ್ಲಿ ಇಂತಾ ಕಾನೂನು ಮಾಡಿದ್ದೀರಲ್ಲ, ನಿಮ್ ಬುದ್ಧಿಗೆ ಏನೇಳ್ಲಿ" ಎಂದು ಒಳಗೆ ಹೋದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಎರಡೇ ವಾರದಲ್ಲಿ ನಮ್ಮೂರಿನ ಕಂಬಗಳು ಬೋಳಾದವು. ಎಲ್ಲರೂ ನನ್ನನ್ನು ಕೊಂಡಾಡುತ್ತಿದ್ದಾಗಲೇ ನನ್ನ ಹಳೇ ವಿದ್ಯಾರ್ಥಿಗಳು ಮನೆಗೆ ಬಂದರು. ಟೆಂಪೋ ಓಡಿಸುವ ಬಸವರಾಜು ಮುಂದಾಳು. ಶಾಲೆಯಲ್ಲಿ ಸೇರಿ ನನಗೊಂದು ಸನ್ಮಾನ ಮಾಡುತ್ತಾರಂತೆ. ಹೇಳುತ್ತಲೇ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದ. ಅಯ್ಯೋ ದೇವರೇ! ನಡುಮನೆ ತುಂಬ ನಾನು! ಮೊರದಗಲದ ಮುಖ, ಅದಕ್ಕೊಪ್ಪುವ ಕಿವಿ, ಇಲ್ಲದ ಗುಲಾಬಿ ಬಣ್ಣದ ಕೆನ್ನೆ. ಬೆಕ್ಕು ನನ್ನ ಮೂಗಿನ ಮೇಲೆ ಹಾದುಹೋದದ್ದೂ ಚಂದವಾಗಿಯೇ ಕಂಡಿತು. ಆಗ ನೆನಪಾಯಿತು, ಮುಖ ಇರಕೂಡದು ಎಂದು ಬರೆದವನು ನಾನೇ.

ಇಡೀ ದಿನ ಊಟ ರುಚಿಸಲಿಲ್ಲ. ಸಂಜೆ ತಲೈವರ ಮನೆಗೆ ಹೋಗಿ ವಾದ ಹೂಡಿದೆ. "ನೋಡಿ, ದನದ ಪ್ರದರ್ಶನ ಇಟ್ಟರೆ ಬ್ಯಾನರಿನಲ್ಲಿ ಎತ್ತಿನ ಚಿತ್ರ ಬೇಡವೆ? ಅದು ಎತ್ತಿನ ಜಂಬಕ್ಕಲ್ಲ, ಕಾರ್ಯ ಏನೆಂದು ತಿಳಿಯಲಿಕ್ಕೆ. ಇಲ್ಲಿ ಕಾರ್ಯವೇ ನಾನು." ತಲೈವರು ಎಲೆಅಡಿಕೆ ಉಗಿದು ಬಂದು, "ಆಯ್ತು ಬುಡಿ ಮೇಷ್ಟ್ರೇ, ಎತ್ತಿನ ಲೆಕ್ಕದಲ್ಲಿ ಆಕ್ಕಳಿ" ಎಂದರು. ಎತ್ತಿನ ಲೆಕ್ಕವಾದರೇನು, ಅಪ್ಪಣೆ ಅಪ್ಪಣೆಯೇ. ಬಸ್ಸು ನಿಲ್ಲುವ ಕಡೆಯ ಕಂಬಕ್ಕೆ ಬಸವರಾಜು ನನ್ನನ್ನು ಏರಿಸಿದ. ಪಣಕಹಳ್ಳಿ ಬಸ್ಸಿನ ಜನ ಕಿಟಕಿಯಿಂದ ಕತ್ತು ಹಾಕಿ ನೋಡಿದರು. ಎಷ್ಟು ಸಂತೋಷವಾಯಿತೆಂದರೆ, ನಾನೇ ಆ ಬಸ್ಸು ಹತ್ತಿ ಮುಂದಿನ ಸ್ಟಾಪಿನವರೆಗೆ ಹೋಗಿ, ಎದುರು ಬಸ್ಸಿನಲ್ಲಿ ಬಂದು, ಇನ್ನೊಮ್ಮೆ ನೋಡಿದೆ.

ಮರುದಿನ ಸನ್ಮಾನ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಹಾಲು ತರುವ ನೆಪದಲ್ಲಿ ಕಂಬದ ಹತ್ತಿರ ಹೋದೆ. ಕಂಬವಿತ್ತು, ನಾನಿರಲಿಲ್ಲ! ಮೇಲೆ ನೋಡಿದರೆ ಮೋಡ ಕಪ್ಪಗೆ ಕಟ್ಟಿತ್ತು. ಹೆಂಡತಿಯ ಮಾತಿನ ಅರ್ಥ ಆಗ ಹೊಳೆಯಿತು. ಸೊಂಟಕ್ಕೆ ಪಂಚೆ ಬಿಗಿದು ಹೊಲದ ಕಡೆ ನಡೆದೆ. ಹಬ್ಬದ ಕನ್ನಡಕಗಳು ಒಂದು ರಾಗಿ ಮೆದೆಯ ಮೇಲೆ ಮಲಗಿದ್ದವು, ಕಣ್ಣಿನ ಕ್ಯಾಂಪು ಒಂದು ಕೊಟ್ಟಿಗೆಗೆ ಸೂರಾಗಿತ್ತು. ಕೂಲಿಗೆ ಹೋಗುವ ಪುಟ್ಟಮಾದಮ್ಮ ಒಂದು ತುಂಡು ನೆಲದಲ್ಲಿ ರಾಗಿ ಬೆಳೆದಿದ್ದಳು. ಅವಳ ಪುಟ್ಟ ಮೆದೆಯ ಮೇಲೆ ಬೆಳ್ಳನೆಯ ಹಾಳೆ, ಅದರ ಮಡಿಸಿದ ಮೂಲೆಯಲ್ಲಿ ಒಂದು ಕಿವಿ. ನನ್ನ ಕಿವಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

"ಪುಟ್ಟಮಾದಮ್ಮ, ಕಾರ್ಯ ಮುಗಿದ ಮೇಲೆ ಬಿಚ್ಚಬೇಕು ಅಂತಲ್ಲವೆ ಇರೋದು?" ಎಂದೆ, ದನಿ ಗಂಭೀರ ಮಾಡಿಕೊಂಡು.

"ಮದ್ಯಾನಕ್ಕೆ ಮುಗಿತದಲ್ಲ ಮೇಷ್ಟ್ರೇ. ಮೋಡ ಮದ್ಯಾನಗಂಟ ಕಾಯ್ತದ? ಇದು ನೆಂದೋದ್ರೆ ವರ್ಸವೆಲ್ಲ ಅಂಗ್ಡಿ ಅಕ್ಕಿನೇ ನಮ್ಗೆ."

"ಅದು ಸರಿ, ಮುಖ ಯಾಕೆ ಒಳಗೆ ಮಾಡಿದ್ದೀಯ?"

"ಮಳೆ ಒಡುದ್ರೆ ಬಣ್ಣ ಓಯ್ತದೆ ಕಣಿ. ನನ್ ಮಗುಂಗೆ ಅಕ್ಸರ ಕಲ್ಸಿದೋರ ಮಕ ಕೆಡಬಾರ್ದು ಅಂತ ಒಳಕ್ಕಾಕಿವ್ನಿ."

ಹಗ್ಗಕ್ಕೆ ಕೈ ಹಾಕಿದ್ದೆ, ಬಿಚ್ಚಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ನನ್ನ ಬೋಳು ತಲೆಯ ಮೇಲೆ ಟಪ್ಪೆಂದು ಹನಿ ಬಿತ್ತು, ಹಿಂದೆಯೇ ಹತ್ತಾರು. ಪುಟ್ಟಮಾದಮ್ಮ ಮೆದೆಯನ್ನೇ ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. ಕಿವಿಯ ಮೂಲೆಯನ್ನು ನಾನೇ ಎಳೆದು ಬಿಗಿಯಾಗಿ ಕಟ್ಟಿದೆ, ಗಾಳಿಗೆ ಏಳದಂತೆ ಕಲ್ಲುಗಳನ್ನು ಹೊತ್ತು ತಂದು ಹೇರಿದೆ. ಇಬ್ಬರೂ ತೊಯ್ದು ತೊಪ್ಪೆಯಾದೆವು, ರಾಗಿಗೆ ಮಾತ್ರ ಒಂದು ಹನಿ ಇಳಿಯಲಿಲ್ಲ. ಕೆಸರು ಅಂಗಿಯಲ್ಲೇ ಶಾಲೆಗೆ ಓಡಿ ಹಾರ ಹಾಕಿಸಿಕೊಂಡೆ. ಬಸವರಾಜು ಮೈಕಿನಲ್ಲಿ, "ನಮ್ ಮೇಷ್ಟ್ರು ಮಕ ತೋರಿಸ್ದೆ ಕೆಲ್ಸ ಮಾಡ್ದೋರು" ಎಂದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಈಗಲೂ ಸಂಜೆ ನನ್ನ ವಾಕಿಂಗು ಆ ಹೊಲದ ಕಡೆಗೇ. ಯಾರೂ ಇಲ್ಲದಿದ್ದರೆ ಮೂಲೆ ಎತ್ತಿ ಒಳಗೆ ಇಣುಕುತ್ತೇನೆ. ಕೆನ್ನೆಯ ಗುಲಾಬಿ ಬಣ್ಣ ಹಾಗೇ ಇದೆ. ಮುಚ್ಚುವವರು ಚಿತ್ರದ ಬದಿಯನ್ನು ಮೇಲೆ ಮಾಡಿ ಮುಚ್ಚತಕ್ಕದ್ದು ಎಂದು ಕಟ್ಟಳೆಗೆ ಇನ್ನೊಂದು ಸಾಲು ಸೇರಿಸಿ ಎಂದು ತಲೈವರನ್ನು ಕೇಳಿದ್ದೇನೆ. "ರಾಗಿ ಬಡ್ದಾದ್ಮೇಲೆ ನೋಡವ" ಎಂದಿದ್ದಾರೆ.