ಗಡಗಡಪ್ಪ ಹೋದ ಮೇಲೆ

ಆ ಮನೆಯಲ್ಲಿ ಈಗ ಭಾನುವಾರ ಬೆಳಿಗ್ಗೆ ಸದ್ದೇ ಇಲ್ಲ. ನಲ್ಲಿಯಿಂದ ಹನಿ ಬೀಳುವುದು ಕೇಳುತ್ತದೆ, ಗಡಿಯಾರದ ಮುಳ್ಳು ತಿರುಗುವುದು ಕೇಳುತ್ತದೆ, ನಡುಮನೆಯಲ್ಲಿ ಅಮ್ಮ ಪತ್ರಿಕೆಯ ಹಾಳೆ ಮಗುಚುವುದೂ ಕೇಳುತ್ತದೆ. ಇಂಥ ಶಾಂತಿಯನ್ನು ಹುಡುಕಿಕೊಂಡು ಜನ ಬೆಟ್ಟ ಹತ್ತುತ್ತಾರಂತೆ. ಈ ಮನೆಯ ಯಜಮಾನರು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಸಿ ಬಾಗಿಲಿಗೇ ತರಿಸಿಕೊಂಡರು. ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ.

(ಯಜಮಾನರು ಎಂಬುದು ದೊಡ್ಡ ಮಾತು. ಆ ಪದವಿ ಅವರಿಗೆ ಸಿಕ್ಕಿದ್ದು ವಿದ್ಯುತ್ ಬಿಲ್ಲಿನಲ್ಲಿ ಮಾತ್ರ. ಆದರೂ ಬೇರೆಲ್ಲೂ ಸಿಗದ ಗೌರವವನ್ನು ಇಲ್ಲಾದರೂ ಕೊಡೋಣ.)

ಯಜಮಾನರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಯಾರಾದರೂ ಬಂದು, "ಹೊಸ ಮಾಡೆಲ್ ಕನ್ನಡಕ ಬೇಕು, ಹಳೇದರಲ್ಲಿ ಎಲ್ಲಾ ಮಂಜುಮಂಜು" ಎಂದರೆ, ಅವರ ಕನ್ನಡಕವನ್ನು ತೆಗೆದುಕೊಂಡು, ಬಾಯಿಂದ ಹಬೆ ಊದಿ, ಬಟ್ಟೆಯಿಂದ ಒರೆಸಿ, "ಈಗ ನೋಡಿ" ಎಂದು ವಾಪಸು ಕೊಡುತ್ತಿದ್ದರು. ಬಂದವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಅಂಗಡಿಯ ಮಾಲೀಕರು ಹಲ್ಲು ಕಡಿಯುತ್ತಿದ್ದರು. ಊರಿಗೆಲ್ಲ ಹಳೆಯದೇ ಸಾಕು ಎಂದು ಬುದ್ಧಿ ಹೇಳುತ್ತಿದ್ದ ಈ ಮಹಾನುಭಾವರು ತಮ್ಮ ಮನೆಯ ವಿಷಯದಲ್ಲಿ ಮಾತ್ರ ಕನ್ನಡಕ ಒರೆಸಿಕೊಳ್ಳಲಿಲ್ಲ.

ಮನೆಯಲ್ಲಿ ಒಂದು ಬಟ್ಟೆ ಒಗೆಯುವ ಯಂತ್ರವಿತ್ತು. ಅಡುಗೆಮನೆಯ ಹಿಂದೆ, ಬಚ್ಚಲ ಬಾಗಿಲಿನ ಪಕ್ಕದ ಇಕ್ಕಟ್ಟಿನಲ್ಲಿ ಅದರ ವಾಸ. ಒಗೆಯುವಾಗ ಸಾಧುಪ್ರಾಣಿ. ನೀರು ಹಿಂಡುವ ಹಂತಕ್ಕೆ ಬಂತೆಂದರೆ ಮೈಮೇಲೆ ದೆವ್ವ ಬಂದಂತೆ ಆಡುತ್ತಿತ್ತು. ಗಡಗಡ ಎಂದು ನಡುಗುತ್ತ, ನಿಂತ ಜಾಗ ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ಹೊರಟುಬಿಡುತ್ತಿತ್ತು. ಅಮ್ಮ ಅದಕ್ಕೆ ಗಡಗಡಪ್ಪ ಎಂದು ಹೆಸರಿಟ್ಟಿದ್ದರು. ಒಮ್ಮೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಗಡಗಡಪ್ಪ ನಡೆದುಕೊಂಡು ಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತ. ಹಿಂಡಿ ಮುಗಿಯುವವರೆಗೂ ಅಮ್ಮ ಒಳಗಿನಿಂದ ಬಾಗಿಲು ತಳ್ಳಿದರು, ಮಗನಾದ ಯಜಮಾನರು ಹೊರಗಿನಿಂದ ಯಂತ್ರ ತಳ್ಳಿದರು. (ತಾಯಿಮಗ ಇಬ್ಬರೂ ಎದುರುಬದುರಾಗಿ ತಳ್ಳುತ್ತಿದ್ದರೆಂಬುದು ಆಮೇಲೆ ಹೊಳೆಯಿತು.)

ಅಂದಿನಿಂದ ಹಿಂಡುವಾಗ ಯಾರಾದರೂ ಅದರ ಮೇಲೆ ಕೂರಬೇಕೆಂದು ತೀರ್ಮಾನವಾಯಿತು. ಮೊದಲು ಯಜಮಾನರು ಕೂತರು. ಗಡಗಡಪ್ಪ ಅವರನ್ನೂ ಹೊತ್ತುಕೊಂಡು ಸವಾರಿ ಹೊರಟ. ಆಮೇಲೆ ಹೆಂಡತಿ ಕೂತಳು. ಗಡಗಡಪ್ಪ ಅಲ್ಲಾಡಿದ, ಅರಚಿದ, ಆದರೆ ಜಾಗ ಬಿಟ್ಟು ಕದಲಲಿಲ್ಲ. (ಇದರಿಂದ ಯಾರ ತೂಕ ಹೆಚ್ಚೆಂದು ತರ್ಕ ಹೂಡಿದ ದಿನ ಯಜಮಾನರಿಗೆ ಕಾಫಿ ಸಿಗಲಿಲ್ಲ.)

ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಾರವಿಡೀ ನಿಂತೇ ಕೆಲಸ. ಮನೆಗೆ ಬಂದರೆ ಒಲೆಯ ಮುಂದೆ ಮತ್ತೆ ನಿಲ್ಲುವುದು. ಅವಳು ನಿಶ್ಚಿಂತೆಯಿಂದ ಕೂರುತ್ತಿದ್ದದ್ದು ಭಾನುವಾರ ಗಡಗಡಪ್ಪನ ಮೇಲೆ ಮಾತ್ರ. ಟವೆಲ್ಲೊಂದನ್ನು ಮಡಿಸಿ ಹಾಸಿಕೊಂಡು, ಕಾಲು ಇಳಿಬಿಟ್ಟು ಕೂರುವಳು. ಯಜಮಾನರು ಅರ್ಧ ಲೋಟ ಕಾಫಿ ಕೊಟ್ಟು (ತುಂಬ ಕೊಟ್ಟರೆ ಚೆಲ್ಲುತ್ತದೆ) ಬಾಗಿಲಿಗೆ ಒರಗಿ ನಿಲ್ಲುವರು. ಆಗ ಗಂಡಹೆಂಡಿರ ಮಾತು ಶುರು.

ಚಿಕ್ಕ ಮನೆ, ತೆಳ್ಳನೆ ಗೋಡೆ, ನಡುಮನೆಯಲ್ಲಿ ಸದಾ ಕೂತಿರುವ ಅಮ್ಮ. ಬೇರೆ ಯಾವ ಹೊತ್ತಿನಲ್ಲಿ ಏನು ಮಾತಾಡಲು ಸಾಧ್ಯ? ಆ ಗಲಾಟೆಯ ಮರೆಯಲ್ಲಿ ಮಾತ್ರ ಹೆಂಡತಿ ಬಾಯ್ತುಂಬ ಮಾತಾಡುವಳು. ಯಂತ್ರದ ನಡುಕಕ್ಕೆ ಮಾತೂ ನಡುಗುವುದು.

"ನಿ-ನಿ-ನಿಮ್ಮಮ್ಮ ಇವತ್ತೂ ಸಾ-ಸಾರಿಗೆ ಎರಡು ಸಲ ಉ-ಉಪ್ಪು ಹಾಕಿದ್ರು ಕಣ್ರೀ!"

"ಹೌದು ಹೌದು!" ಯಜಮಾನರು ಗಂಟಲು ಹರಿಯುವಂತೆ ಕೂಗುವರು. "ಅಮ್ಮ ಯಾವಾಗ್ಲೂ ಹಾಗೇನೇ! ನೀನೇ ಸಹಿಸ್ಕೋಬೇಕು!"

ವಾರದ ನಡುವೆ ಅಮ್ಮನ ಪಕ್ಕ ಕೂತಾಗ, "ಅವಳು ಯಾವಾಗ್ಲೂ ಹಾಗೇನೇ ಅಮ್ಮ, ನೀನೇ ಸಹಿಸ್ಕೋಬೇಕು" ಎನ್ನುವರು. ಸೋಮವಾರ ಸಾರಿಗೆ ಉಪ್ಪು ಹದವಾಗಿರುವುದು. ಇದೆಲ್ಲ ತಮ್ಮ ರಾಜತಂತ್ರದ ಫಲವೆಂದು ಯಜಮಾನರು ಒಳಗೊಳಗೇ ಮೀಸೆ ತಿರುವುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಹೆಂಡತಿ ಗಡಗಡಪ್ಪನ ಮೇಲಿಂದ ಹೊಸ ಸುದ್ದಿ ಹೇಳಿದಳು.

"ನಮ್ಮ ಓನರ್ರು ದೊಡ್ಡಾಸ್ಪತ್ರೆ ಪಕ್ಕ ಇನ್ನೊಂದು ಅಂಗಡಿ ತೆ-ತೆಗೀತಿದಾರೆ! ನನ್ನೇ ಮೇಲ್ವಿಚಾರಣೆಗೆ ಬಾ ಅಂತಿದಾರೆ!"

"ಭೇಷ್! ಹೋಗು ಮತ್ತೆ!"

"ಹೋಗ್ಬೇಕು ಅಂತ ತುಂಬಾ ಆಸೆ ಕಣ್ರೀ! ಎಷ್ಟು ವರ್ಷ ಅಂತ ಬರೀ ಮಾತ್ರೆ ಎಣಿಸೋದು? ಆದ್ರೆ..."

ಅಷ್ಟರಲ್ಲಿ ಗಡಗಡಪ್ಪ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿಂತುಹೋದ. ಮನೆ ಒಮ್ಮೆಗೇ ನಿಶ್ಶಬ್ದವಾಯಿತು. ಹೆಂಡತಿ ನಡುಮನೆಯ ಕಡೆ ಒಮ್ಮೆ ನೋಡಿ, ಟವೆಲ್ ತೆಗೆದುಕೊಂಡು ಕೆಳಗಿಳಿದಳು.

"ಆದ್ರೆ ಏನೇ?" ಯಜಮಾನರು ಪಿಸುಗುಟ್ಟಿದರು.

"ಮುಂದಿನ ವಾರ ಹೇಳ್ತೀನಿ. ಓನರ್ರು ಆಮೇಲಿನ ಸೋಮವಾರದ ತನಕ ಟೈಮ್ ಕೊಟ್ಟಿದಾರೆ."

ಆ ಒಂದು 'ಆದ್ರೆ' ಯಜಮಾನರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಬಂದವರ ಕಣ್ಣು ಪರೀಕ್ಷಿಸುವಾಗಲೂ ಅದೇ ಯೋಚನೆ. ಕೊನೆಗೆ ಉತ್ತರ ಹೊಳೆಯಿತು. ಅವಳಿಗೆ ಬಿಡುವೆಲ್ಲಿದೆ? ರಜೆಯ ದಿನವೂ ಯಂತ್ರದ ಮೇಲೆ ಕೂತು ಕಾಯಬೇಕು! ಯಾರೂ ಕೂರಬೇಕಿಲ್ಲದ ಯಂತ್ರ ತಂದರೆ ಅವಳು ಹಕ್ಕಿಯ ಹಾಗೆ ಹಗುರಾಗಿ ಹೊಸ ಕೆಲಸಕ್ಕೆ ಹೋಗುತ್ತಾಳೆ. ಈ ಮಹಾ ಆಲೋಚನೆಯನ್ನು ಹೆಂಡತಿಗೆ ಹೇಳಿ ಕೇಳುವ ಯೋಚನೆ ಮಾತ್ರ ಅವರಿಗೆ ಬರಲಿಲ್ಲ.

ಶೋರೂಮಿನಲ್ಲಿ ಮಾರುವವನು ಕೇಳಿದ, "ಈಗ ಇರೋದು ಏನೇನು ಮಾಡುತ್ತೆ ಸಾರ್?"

"ಬಟ್ಟೆ ಒಗೆಯುತ್ತೆ."

"ಅಷ್ಟೇನಾ?"

ಆ 'ಅಷ್ಟೇನಾ' ಎಂಬ ಒಂದು ಮಾತಿಗೆ ಯಜಮಾನರು ನಾಚಿ ನೀರಾದರು. ಬಟ್ಟೆ ಒಗೆಯುವ ಯಂತ್ರ ಬರೀ ಬಟ್ಟೆ ಒಗೆಯುವುದು ಇಷ್ಟು ಅವಮಾನದ ಸಂಗತಿಯೆಂದು ಅವರಿಗೆ ತಿಳಿದಿರಲಿಲ್ಲ. ಹೊಸದು ಮಾತಾಡುತ್ತದಂತೆ. ಒಗೆಯುವ ನಡುವೆ ನಾವು ಎಲ್ಲಿಗೆ ಹೋದರೂ ಫೋನಿಗೆ ಸುದ್ದಿ ಕಳಿಸುತ್ತದಂತೆ. ಕೃತಕ ಬುದ್ಧಿಮತ್ತೆಯಿಂದ ಬಟ್ಟೆಯ ಮನಸ್ಸನ್ನೇ ಅರ್ಥ ಮಾಡಿಕೊಳ್ಳುತ್ತದಂತೆ.

"ಸದ್ದು?" ಎಂದು ಯಜಮಾನರು ಕೇಳಿದರು.

"ಸದ್ದಾ? ಪಕ್ಕದಲ್ಲಿ ಮಗು ಮಲಗಿಸಿ ಸಾರ್. ಎಚ್ಚರ ಆದ್ರೆ ನನ್ನ ಕೇಳಿ."

ಶನಿವಾರ ಇಬ್ಬರು ಆಳುಗಳು ಹೊಸ ಯಂತ್ರವನ್ನು ಇಳಿಸಿ, ಹಳೆಯದನ್ನು ಹೊತ್ತುಕೊಂಡು ಹೋದರು. ಸಂಜೆ ಹೆಂಡತಿ ಬಂದಳು. ಯಜಮಾನರು ಬಾಗಿಲಲ್ಲೇ ನಿಂತಿದ್ದರು, ಬಹುಮಾನ ಗೆದ್ದ ಮಗುವಿನ ಮುಖ ಮಾಡಿಕೊಂಡು.

"ಏನಿದು?"

"ನಿನಗೋಸ್ಕರ! ಇನ್ಮೇಲೆ ನೀನು ಕೂರೋದೇ ಬೇಡ!"

ಅವಳು ಹೊಸ ಯಂತ್ರದ ಕಡೆ ಸರಿಯಾಗಿ ನೋಡಲೂ ಇಲ್ಲ. ನೆಲದ ಮೇಲೆ ಗಡಗಡಪ್ಪನ ಕಾಲುಗಳ ಗುರುತಿತ್ತು. ಅದನ್ನೇ ನೋಡುತ್ತ, "ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಎಂದಳು. ನಡುಮನೆಯಿಂದ ಅಮ್ಮನ ಧ್ವನಿ ಬಂತು, "ಇದೇನೋ ಮೌನಗೌರಿ ತಂದಿಟ್ಟಿದಾನಮ್ಮ. ಓಡ್ತಿದೆಯೋ ನಿಂತಿದೆಯೋ ಮುಟ್ಟಿ ನೋಡ್ಬೇಕು."

ಭಾನುವಾರ ಬಂತು. ಮೌನಗೌರಿ ಹಿಂಡುವ ಹಂತಕ್ಕೆ ಬಂದದ್ದು ಅದರ ನೀಲಿ ದೀಪದಿಂದಷ್ಟೇ ಗೊತ್ತಾಯಿತು. ಹೆಂಡತಿ ಅಭ್ಯಾಸದಂತೆ ಟವೆಲ್ ಮಡಿಸಿ ಹಾಸಿ ಹತ್ತಿ ಕೂತಳು. ಯಂತ್ರ ತಟ್ಟನೆ ನಿಂತು, ಸಕ್ಕರೆಯಂಥ ದನಿಯಲ್ಲಿ ನುಡಿಯಿತು:

"ಯಂತ್ರದ ಮೇಲೆ ಅತಿ ಭಾರವಾದ ವಸ್ತು ಇದೆ. ದಯವಿಟ್ಟು ತೆರವುಗೊಳಿಸಿ."

ಅತಿ ಭಾರವಾದ ವಸ್ತು ಕೆಂಡದಂಥ ಮುಖ ಮಾಡಿಕೊಂಡು ಕೆಳಗಿಳಿಯಿತು. ಆ ಸಿಟ್ಟಿಗೋ, ವರ್ಷಗಳ ರೂಢಿಗೋ, ಅವಳು ಎಂದಿನ ಗಟ್ಟಿ ದನಿಯಲ್ಲೇ ಶುರುಮಾಡಿದಳು.

"ನಿಮ್ಮಮ್ಮ ಮತ್ತೆ ಸಕ್ಕರೆ ಡಬ್ಬಿ ಜಾಗ ಬದಲಾಯಿಸಿದಾರೆ ಕಣ್ರೀ!"

ಯಜಮಾನರಿಗೂ ಅದೇ ರೂಢಿ. "ಹೌದು ಹೌದು! ಅಮ್ಮ ಯಾವಾಗ್ಲೂ ಹಾಗೇನೇ! ವಯಸ್ಸಾಯ್ತು, ಹೇಳಿದ್ದು ತಲೆಗೆ ಹೋಗಲ್ಲ!"

ಆ ಮಾತು ಮನೆಯ ಎಲ್ಲ ಗೋಡೆಗಳಿಗೂ ತಾಕಿ ವಾಪಸು ಬಂತು. ಮೌನಗೌರಿ ತೆಪ್ಪಗೆ ತಿರುಗುತ್ತಿತ್ತು. ನಡುಮನೆಯಲ್ಲಿ ಪತ್ರಿಕೆ ಮಡಿಸಿದ ಸದ್ದು ಕೇಳಿತು.

"ಇರುವೆ ಬರುತ್ತೆ ಅಂತ ಬದಲಾಯಿಸಿದ್ದು" ಎಂದರು ಅಮ್ಮ ನಿಧಾನವಾಗಿ. "ತಲೆಗೆ ಹೋಗದೆ ಇರೋದು ಯಾರಿಗೆ ಅಂತ ಆಮೇಲೆ ನೋಡೋಣ."

ಆ ದಿನ ಊಟಕ್ಕೆ ಕೂತ ಮೂವರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆದರೂ ಯಜಮಾನರು ಆ 'ಆದ್ರೆ'ಯನ್ನು ಬಿಡಲಿಲ್ಲ. ಸೋಮವಾರ ಬರುವ ಮೊದಲು ಅದರ ಬಾಲ ಹಿಡಿಯಲೇಬೇಕಿತ್ತು. ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿದ್ದಾಗ ಮಿಕ್ಸಿಯನ್ನು ಜೋರಾಗಿ ಓಡಿಸಿದರು.

"ಏನ್ರೀ ರುಬ್ತಿರೋದು?" ಎಂದು ಅವಳು ಕೂಗಿದಳು.

"ಏನೂ ಇಲ್ಲ! ನೀನು ಮೊನ್ನೆ 'ಆದ್ರೆ' ಅಂದ್ಯಲ್ಲ, ಅದು..."

ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಮಾತು ಅಲ್ಲಿಗೇ ನಿಂತಿತು. ಸಂಜೆ, "ಒಂದು ಸುತ್ತು ಅಡ್ಡಾಡಿ ಬರೋಣ ಬಾರೇ" ಎಂದು ಕರೆದರು. ಅವಳು ಚಪ್ಪಲಿ ಹಾಕಿಕೊಂಡಳು. ಅಮ್ಮನೂ ಹಾಕಿಕೊಂಡರು. "ನನಗೂ ಕೂತು ಕೂತು ಕಾಲು ಹಿಡ್ಕೊಂಡಿದೆ ಕಣೋ." ಮೂವರೂ ಬೀದಿಯ ಕೊನೆಯವರೆಗೆ ಹವೆಯ ಬಗ್ಗೆ ಮಾತಾಡಿಕೊಂಡು ಹೋಗಿ ಬಂದರು.

ಸೋಮವಾರ ಸಂಜೆ ಹೆಂಡತಿ ಕೈಚೀಲ ಕೆಳಗಿಡುತ್ತ, "ಆಗಲ್ಲ ಅಂತ ಹೇಳ್ಬಿಟ್ಟೆ" ಎಂದಳು. ಅಷ್ಟೇ. ಆ ಮಾತಿಗೆ ದನಿಯೂ ಇರಲಿಲ್ಲ, ನಡುಕವೂ ಇರಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು.

ಯಜಮಾನರು ಯಂತ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಹೊಸದು ಹಳೆಯದಕ್ಕಿಂತ ಕಿರಿದು. ಗಡಗಡಪ್ಪನ ಎರಡು ಕಾಲುಗಳ ಗುರುತು ಇನ್ನೂ ಹೊರಗೆ ಕಾಣುತ್ತಿತ್ತು. ಮಾರನೆಯ ಸಂಜೆಯೂ ಅಲ್ಲೇ ಕೂತಿದ್ದರು. ಹೆಂಡತಿ ಇನ್ನೂ ಬಂದಿರಲಿಲ್ಲ. ಅಮ್ಮ ಬಂದು ಬಾಗಿಲಿಗೆ ಒರಗಿ ನಿಂತರು, ಭಾನುವಾರ ಯಜಮಾನರು ನಿಲ್ಲುತ್ತಿದ್ದ ಜಾಗದಲ್ಲೇ.

"ಅವಳು ಆವತ್ತು 'ಆದ್ರೆ' ಅಂದಳಲ್ಲ, ಅದೇನು ಅಂತ ಗೊತ್ತಾಯ್ತೇನೋ?"

ಯಜಮಾನರು ಬೆಚ್ಚಿಬಿದ್ದರು. "ಅದು... ನಿನಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ? ಆ ಗಲಾಟೆ ಮೇಲೆ ನೀವಿಬ್ಬರೂ ಕೂಗಿ ಕೂಗಿ ಮಾತಾಡ್ತಿದ್ರಿ. ಬೀದಿಗೆಲ್ಲ ಕೇಳ್ತಿತ್ತು, ನಡುಮನೆಗೆ ಕೇಳಲ್ವಾ?"

"ಎಲ್ಲಾ ಕೇಳ್ತಿತ್ತಾ?"

"ಎಲ್ಲಾ. ಉಪ್ಪು ಜಾಸ್ತಿ ಅಂದಳು, ಕಮ್ಮಿ ಮಾಡಿದೆ. ಬೆಳಗಾಗೋ ಮೊದಲೇ ರೇಡಿಯೋ ಹಾಕ್ತಾರೆ ಅಂದಳು, ನಿಲ್ಲಿಸಿದೆ. ಮುಖ ನೋಡಿ ಹೇಳಿದ್ರೆ ನನಗೂ ಕೋಪ ಬರೋದು, ಅವಳಿಗೂ ಸಂಕೋಚ. ಹೀಗೆ ಯಾರಿಗೂ ನೋವಿರಲಿಲ್ಲ."

ತಮ್ಮ ರಾಜತಂತ್ರವೆಲ್ಲ ಬಚ್ಚಲ ನೀರಿನಂತೆ ಹರಿದುಹೋದದ್ದನ್ನು ಯಜಮಾನರು ಕಣ್ಣಾರೆ ಕಂಡರು. ಆಮೇಲೆ ಇನ್ನೊಂದು ನೆನಪಾಗಿ ಬೆವರಿದರು. "ಅಂದ್ರೆ... ನಾನು ಹೇಳಿದ್ದೂ?"

"ನಿನ್ನದು ಅವಳಿಗಿಂತ ದೊಡ್ಡ ಗಂಟಲು ಕಣಪ್ಪ. 'ಹೌದು ಹೌದು, ಅಮ್ಮ ಯಾವಾಗ್ಲೂ ಹಾಗೇನೇ.' ಪ್ರತಿ ವಾರ ತಪ್ಪದೆ ಕೇಳಿದೀನಿ."

"ಮತ್ತೆ ಮೊನ್ನೆ ಯಾಕಮ್ಮ ಹಾಗೆ ಉತ್ತರ ಕೊಟ್ಟೆ? ಸುಮ್ಮನಿರಬಹುದಿತ್ತಲ್ಲ?"

"ಆಗ ಮಷೀನು ಗಡಗಡ ಅಂತಿತ್ತು. ನನಗೇನೂ ಕೇಳಿಸ್ಲಿಲ್ಲ ಅಂತ ಪತ್ರಿಕೆ ಹಿಡ್ಕೊಂಡು ಕೂರಬಹುದಿತ್ತು. ಈಗ ಕೇಳಿಸ್ಲಿಲ್ಲ ಅಂದ್ರೆ ಕಿವುಡಿ ಅಂತೀರಿ." ಅಮ್ಮ ಮೌನಗೌರಿಯ ನುಣ್ಣನೆಯ ನೆತ್ತಿಯ ಮೇಲೆ ಬೆರಳಾಡಿಸಿದರು. "ಆ 'ಆದ್ರೆ' ಏನು ಅಂತ ನಾನೂ ವಾರವೆಲ್ಲ ಕಾದೆ ಕಣೋ. ನನ್ನಿಂದೇನಾದ್ರೂ ಅಡ್ಡಿ ಇದ್ರೆ ಸೋಮವಾರದ ಹೊತ್ತಿಗೆ ನಾನಾಗೇ ಸರಿಮಾಡ್ತಿದ್ದೆ. ನೀನು ಅಷ್ಟರಲ್ಲಿ ಇದನ್ನ ತಂದಿಟ್ಟೆ."

ಆ ರಾತ್ರಿ ಯಜಮಾನರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಮೊದಲು ನಾಲಿಗೆ ಕಚ್ಚಿಕೊಂಡಳು, ಆಮೇಲೆ ನಕ್ಕಳು, ಆ 'ಆದ್ರೆ' ಏನೆಂದು ಕೇಳಿದ್ದಕ್ಕೆ ಮಾತ್ರ ತೆಳ್ಳನೆ ಗೋಡೆಯತ್ತ ಕೈ ತೋರಿಸಿದಳು. ಮರುದಿನ ಓನರ್ರನ್ನು ಮತ್ತೆ ಕೇಳಿ ನೋಡಿದಳು. ಆ ಜಾಗಕ್ಕೆ ಬೇರೊಬ್ಬಳು ಸೇರಿಯಾಗಿತ್ತು. ಯಜಮಾನರು ಶೋರೂಮಿಗೆ ಓಡಿದರು. ಗಡಗಡಪ್ಪ ಗುಜರಿ ಸೇರಿ, ಬಿಡಿಬಿಡಿಯಾಗಿ ಎಲ್ಲೆಲ್ಲಿಗೋ ಹೋಗಿದ್ದ. "ಅದನ್ನ ಯಾಕೆ ಸಾರ್ ಕೇಳ್ತೀರಿ?" ಎಂದ ಮಾರುವವನು ಕನಿಕರದಿಂದ. "ಅದು ಬರೀ ಬಟ್ಟೆ ಒಗೀತಿತ್ತು ಅಂದಿದ್ರಿ."

ಯಜಮಾನರು ಬರಿಗೈಯಲ್ಲಿ ಮನೆಗೆ ಬಂದರು.

ಮುಂದಿನ ಭಾನುವಾರ ಮೌನಗೌರಿಯ ನೀಲಿ ದೀಪ ಹತ್ತಿತು. ಹೆಂಡತಿ ಒಂದು ಸ್ಟೂಲ್ ತಂದು ಅದರ ಪಕ್ಕ ಹಾಕಿಕೊಂಡು ಕೂತಳು. ಯಜಮಾನರು ಕಾಫಿ ತಂದುಕೊಟ್ಟರು. ಈಗ ಲೋಟ ತುಂಬ ಕೊಡಬಹುದಿತ್ತು; ಕೈ ತಡೆದು ಅರ್ಧವೇ ಹಾಕಿದ್ದರು. ಇಬ್ಬರೂ ಯಂತ್ರವನ್ನೇ ನೋಡುತ್ತ ಕೂತರು.

ಆಗ ನಡುಮನೆಯಿಂದ ದೊಡ್ಡ ದನಿ ಬಂತು.

"ನನಗೇನೂ ಕೇಳಿಸ್ತಿಲ್ಲ! ನೀವು ಮಾತಾಡಿ!"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕಾಫಿ ಕೆಳಗಿಟ್ಟು, ಗಡಗಡಪ್ಪನ ಕಾಲದ ಗಂಟಲು ತೆಗೆದಳು.

"ಆವತ್ತು ಹೇಳೋಕೆ ಹೊರಟಿದ್ದು ಏನು ಅಂದ್ರೆ! ಆ ಕೆಲಸಕ್ಕೆ ಹೋದ್ರೆ ಬರೋದು ಕತ್ತಲಾಗುತ್ತೆ! ಅಲ್ಲಿ ತನಕ ಅತ್ತೆ ನಿಮ್ಮ ಜೊತೆ ಇರ್ಬೇಕು! ನೀವೋ ಹಾಲಿಟ್ಟರೆ ಒಲೆ ಆರಿಸೋದು ಮರೀತೀರಿ, ಹೊರಗೆ ಹೋದ್ರೆ ಬೀಗ ಹಾಕೋದು ಮರೀತೀರಿ! ನಿಮ್ಮನ್ನ ನಂಬಿ ಅವರನ್ನ ಬಿಡೋದು ಹೇಗೆ ಅಂತ ಯೋಚನೆ ಆಗಿತ್ತು!"

ನಡುಮನೆಯಲ್ಲಿ ಪತ್ರಿಕೆ ಸರಿದ ಸದ್ದಾಯಿತು. ಅಮ್ಮನ ದನಿ ಈ ಸಲ ಸಣ್ಣಗಿತ್ತು.

"ನನ್ನ ಬಗ್ಗೆ ಯೋಚನೇನೇನಮ್ಮ ಅದು? ಅಯ್ಯೋ, ಅಷ್ಟು ಹೇಳಿದ್ರೆ ಇವನನ್ನೂ ನಾನೇ ನೋಡ್ಕೋತಿದ್ದೆನಲ್ಲೇ." ತಡೆದು, ಗಂಟಲು ಸರಿಪಡಿಸಿಕೊಂಡು, "ಅಂದ್ರೆ, ನನಗೇನೂ ಕೇಳಿಸ್ಲಿಲ್ಲ! ಆ ಕೊನೇದು ಇನ್ನೊಂದ್ಸಲ ಹೇಳು!"

"ಇವರನ್ನ ನಂಬೋಕೆ ಆಗಲ್ಲ ಅಂದೆ ಅತ್ತೆ!"

"ಹೌದು ಹೌದು!" ಎಂದು ಯಜಮಾನರು ರೂಢಿಯಂತೆ ಗಂಟಲು ಹರಿಯುವಂತೆ ಕೂಗಿಬಿಟ್ಟರು.