ಮುನಿಶಾಮಯ್ಯನ ಸ್ಟೀಲ್ ಟ್ಯಾಂಕು

ಮಹಡಿ ಮೇಲಿನ ಸಿಮೆಂಟ್ ತೊಟ್ಟಿ ಸೋರಿ ಸೋರಿ ಅಡುಗೆಮನೆಯ ಸೂರೆಲ್ಲ ಪಾಚಿಗಟ್ಟಿತ್ತು. ಕೊನೆಗೊಂದು ದಿನ ಹಸಿರು ಹನಿಯೊಂದು ಸಾರಿನ ಪಾತ್ರೆಗೇ ಬಿತ್ತು. ಗಂಗಲಕ್ಷ್ಮಮ್ಮ ಸೌಟು ಕೆಳಗಿಟ್ಟು ಗಂಡನನ್ನು ನೋಡಿದಳು. ಆ ನೋಟಕ್ಕೆ ಕೈಲಾಂಚದ ಮುನಿಶಾಮಯ್ಯ ಸಿಕ್ಕಿದ ಬಸ್ಸು ಹತ್ತಿ ರಾಮನಗರ ಸೇರಿದ.

ಹೋದದ್ದು ಪ್ಲಾಸ್ಟಿಕ್ ಟ್ಯಾಂಕಿಗೆ. ಆದರೆ ಅಂಗಡಿ ಮುಂದೆ ಸ್ಟೀಲ್ ಟ್ಯಾಂಕೊಂದು ಮದುವೆ ಗಂಡಿನ ಹಾಗೆ ಥಳಥಳ ಹೊಳೆಯುತ್ತ ನಿಂತಿತ್ತು. ಅದರಲ್ಲಿ ತನ್ನ ಮುಖ ಎಲೆಕ್ಷನ್ ಗೆದ್ದವನ ಮುಖದಷ್ಟು ಅಗಲವಾಗಿ ಕಂಡದ್ದೇ ತಡ, ಮುನಿಶಾಮಯ್ಯ ಸೋತುಹೋದ. ನಿಯಾಜನ ಗೂಡ್ಸ್ ಆಟೋದಲ್ಲಿ ಅದನ್ನು ತಬ್ಬಿಕೊಂಡೇ ಊರಿಗೆ ಬಂದ.

ಮೊದಲು ಹಾರೆ ಹಿಡಿದು ಹಳೇ ತೊಟ್ಟಿಯನ್ನು ಒಡೆದು ಜಾಗ ಮಾಡಿದ. ಆಮೇಲೆ ನೋಡಿದರೆ ಟ್ಯಾಂಕು ಮೆಟ್ಟಿಲಲ್ಲಿ ಹಿಡಿಸುವುದಿಲ್ಲ!

"ಒಸಿ ಓರೆ ಮಾಡ್ರಲಾ!" ಪಕ್ಕದ ಮನೆಯ ಮಾರಕ್ಕ ಜಗಲಿಯಿಂದಲೇ ಅಪ್ಪಣೆ ಕೊಟ್ಟಳು.

"ಓರೆ ಮಾಡಿದ್ರೆ ಗೀರು ಬೀಳ್ತದೆ ಕಣಕ್ಕಾ!" ಎಂದ ಮುನಿಶಾಮಯ್ಯ.

"ಹಗ್ಗ ಕಟ್ಟಿ ಎಳೀವಣ ಬುಡಣ್ಣ," ಎಂದ ನಿಯಾಜ್.

ಅರ್ಧ ಬೀದಿ ಮಹಡಿ ಹತ್ತಿತು, ಇನ್ನರ್ಧ ಕೆಳಗೆ ನಿಂತು ಬುದ್ಧಿ ಹೇಳಿತು. ನಡುದಾರಿಯಲ್ಲಿ ಗಂಟು ಜಾರಿತು. ಟ್ಯಾಂಕು ಗಿರ್ರನೆ ತಿರುಗಿ ಮಾರಕ್ಕನ ತಿಪ್ಪೆಗೆ ಧೊಪ್ಪೆಂದು ಬಿತ್ತು. ಮುನಿಶಾಮಯ್ಯ ಕಣ್ಣು ಮುಚ್ಚಿಕೊಂಡ. ತಿಪ್ಪೆ ಮೆತ್ತಗಿದ್ದುದರಿಂದ ಒಂದು ತಗ್ಗೂ ಬಿದ್ದಿರಲಿಲ್ಲ. ಬೀದಿಯ ಹೆಂಗಸರೆಲ್ಲ ಸೇರಿ ತಿಕ್ಕಿ ತೊಳೆದು ಒರೆಸಿದಾಗ ಅದು ಅಂಗಡಿಯಲ್ಲಿದ್ದುದಕ್ಕಿಂತ ಹೆಚ್ಚು ಹೊಳೆಯತೊಡಗಿತು.

ಎರಡನೇ ಸಲ "ಐಸಾ!" ಎನ್ನುತ್ತ ಎಳೆದರು. ಟ್ಯಾಂಕು ಮಹಡಿ ಏರಿ ಕೂತಿತು! ಶಿಳ್ಳೆಗಳು ಬಿದ್ದವು. ಮುನಿಶಾಮಯ್ಯ ಟವೆಲನ್ನು ಪೇಟ ಸುತ್ತಿ, ಕೋಟೆ ಗೆದ್ದವನಂತೆ ಎದೆಯುಬ್ಬಿಸಿ ಕೂಗಿದ: "ಹಾಕ್ಲಾ ಮೋಟ್ರು!"

"ನಿಲ್ಲಿ!" ಕೆಳಗಿನಿಂದ ಗಂಗಲಕ್ಷ್ಮಮ್ಮನ ದನಿ. "ಆ ಬೋರು ನೀರ್ನ ಇದುಕ್ ಬುಟ್ಟೀರಾ? ವಾರ್ದಲ್ಲೇ ಉಪ್ಪು ಕಟ್ಟಿ ಬೆಳ್ಳಗಾಯ್ತದೆ. ಇಂಥ ಪಾತ್ರೆನ ಯಾರಾದ್ರೂ ಬಿಸ್ಲಲ್ಲಿ ಇಡ್ತಾರಾ? ಇಳ್ಸಿ ಕೆಳಕ್ಕೆ!"

"ಇಳ್ಸಿ ಏನೇ ಮಾಡೋದು?"

"ರಾಗಿ ತುಂಬ್ತೀನಿ."

"ಇದ್ರಲ್ಲಿ ರಾಗಿಯಾ?"

"ಅದ್ಕೇನು, ಇಲಿ ಕಾಟ ತಪ್ತದೆ!" ಎಂದಳು ಮಾರಕ್ಕ. ತೊಳೆದ ಕೈಗಳೆಲ್ಲ ಗಂಗಲಕ್ಷ್ಮಮ್ಮನ ಪಕ್ಷ ಸೇರಿದವು. ಟ್ಯಾಂಕು ಏರಿದ್ದಕ್ಕಿಂತ ಹೆಚ್ಚಿನ ಗದ್ದಲದಲ್ಲಿ ಇಳಿಯಿತು.

ನಡುಮನೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎರಡು ಮೂಟೆ ರಾಗಿ ಸುರಿದರು. ಗಂಗಲಕ್ಷ್ಮಮ್ಮ ಮೊರ ಹಿಡಿದು, ಟ್ಯಾಂಕಿನ ಬುಡದಲ್ಲಿ ನೀರು ಬಿಡುವ ಕಿಂಡಿಯ ಮುಚ್ಚಳ ತಿರುಗಿಸಿದಳು. ಸರ್ರನೆ ರಾಗಿ ಧಾರೆಯಾಗಿ ಸುರಿಯಿತು. ಮನೆಯಿಡೀ ಹೋ ಎಂದು ಚಪ್ಪಾಳೆ ತಟ್ಟಿತು.

"ಊರ್ನಲ್ಲೇ ಇಲ್ಲ ಬುಡಣ್ಣ ಇಂಥದ್ದು!" ಎಂದ ನಿಯಾಜ್. ಮುನಿಶಾಮಯ್ಯ ಹೆಮ್ಮೆಯಿಂದ ಬೀಗಿದ. ತಾನೂ ಚಪ್ಪಾಳೆ ತಟ್ಟಿದ.

ಆಗ ಹೆಂಡತಿ ಅವನ ಎರಡೂ ಕೈಗೆ ಒಂದೊಂದು ಕೊಡ ಕೊಟ್ಟಳು.

"ಬಂದೋರ್ಗೆಲ್ಲ ಕಾಫಿ ಕಾಸ್ಬೇಕು. ನಲ್ಲೀಲಿ ಒಂದ್ ತೊಟ್ಟು ನೀರಿಲ್ಲ, ಇದ್ದ ತೊಟ್ಟೀನೂ ಒಡೆದಾಕ್ಬುಟ್ರಿ, ಮೋಟ್ರು ಹಾಕಿದ್ರೆ ನೀರೆಲ್ಲ ಮಹಡಿ ಮೇಲೇ ಸುರೀತದೆ. ಬೀದಿ ಬೋರಿಂದ ಹೊತ್ಕೊಂಡ್ ಬಂದ್ಬುಡಿ."

ಮುನಿಶಾಮಯ್ಯ ಪೇಟ ಬಿಚ್ಚಿ ಸಿಂಬಿ ಸುತ್ತಿದ.